ಕೊಡಗಿನ ಬಟ್ಟೆ ಪೇಟೆಗೆ ಅಂಕ ಹಾಕುವುದಾದರೆ ಬಿಲ್ ಪುಸ್ತಕ ನೋಡಿ

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆ. ಬಟ್ಟೆ ಅಂಗಡಿಗೆ ಈ ಪೇಟೆಗಳಲ್ಲಿ ಬರವಿಲ್ಲ. ಬೊಂಬೆಗೆ ಉಡಿಸಿದ ಸೀರೆ ಎಷ್ಟು ಚಂದ, ಒಳಗೆ ಕೂರಿಸಿ ಕಾಫಿ ಕೊಡುತ್ತಾರೋ ಇಲ್ಲವೋ ಎಂದು ಬರೆದು ಐದು ನಕ್ಷತ್ರ ಒತ್ತುವವರೂ ಬೇಕಾದಷ್ಟಿದ್ದಾರೆ. ಇಲ್ಲಿ ಅಳೆಯುವ ಕೋಲು ಬೇರೆ. ಗಲ್ಲಾದ ಪಕ್ಕದಲ್ಲಿರುವ ಬಿಲ್ ಪುಸ್ತಕ ಹೇಗಿದೆ, ಕೊಂಡ ಬಟ್ಟೆ ಹಿಡಿದು ಮತ್ತೆ ಬಂದವರನ್ನು ಅಂಗಡಿಯವರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದಕ್ಕಷ್ಟೇ ಅಂಕ. ಅಂಗಡಿಗಳ ಹೆಸರು ಹೇಳಿಲ್ಲ, ಬಗೆಗಳನ್ನು ಹೇಳಿದೆ. ಗುರುತಿಸಿಕೊಳ್ಳುವುದು ಕಷ್ಟವಾಗಲಾರದು.

ಈ ಕೋಲೇ ಯಾಕೆಂದರೆ ಕೊಡಗಿನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಣಗುವುದಿಲ್ಲ, ಕಪಾಟಿನಲ್ಲಿಟ್ಟದ್ದಕ್ಕೆ ಬೂಷ್ಟು ಹಿಡಿಯುತ್ತದೆ. ಬಯಲು ಸೀಮೆಯಲ್ಲಿ ಎರಡು ವರ್ಷ ಮುಚ್ಚಿಕೊಂಡಿರುವ ದೋಷ ಇಲ್ಲಿ ಎರಡು ತಿಂಗಳಿಗೆ ಬಯಲಾಗುತ್ತದೆ: ಬಣ್ಣ ಬಿಡುತ್ತದೆ, ಜರಿ ಕಪ್ಪಾಗುತ್ತದೆ, ಲೈನಿಂಗ್ ಸುಕ್ಕುಗಟ್ಟುತ್ತದೆ. ಆ ಹೊತ್ತಿಗೆ ಕೈಯಲ್ಲಿ ಬಿಲ್ ಇದ್ದರೆ ಮಾತು, ಇಲ್ಲದಿದ್ದರೆ ಬರೀ ಗೊಣಗಾಟ.

ಮೊದಲು ಆ ಹಳೆಯ ಮೊಹರಿನ ಮಾತು. ‘ಒಮ್ಮೆ ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ.’ ಬಿಲ್ಲಿನ ತಳದಲ್ಲಿ ಇದನ್ನು ಅಚ್ಚು ಹಾಕಿಸಿದ ಮಾತ್ರಕ್ಕೆ ದೋಷವಿರುವ ಬಟ್ಟೆಯ ಹೊಣೆ ತಪ್ಪುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂತು. ಅದು ಎರಡು ನಡೆಗಳನ್ನು ನೇರವಾಗಿ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ. ಒಂದು, ಮಾರಿದ ಸರಕಿಗೆ ಬಿಲ್ ಕೊಡದಿರುವುದು. ಇನ್ನೊಂದು, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು. ಆದರೆ ಇದನ್ನು ಹಿಗ್ಗಿಸಿ ಓದುವವರೂ ಇದ್ದಾರೆ. ಬಟ್ಟೆ ಚೆನ್ನಾಗಿಯೇ ಇದೆ, ಮನೆಗೆ ಹೋದ ಮೇಲೆ ಅತ್ತೆಗೆ ಬಣ್ಣ ಹಿಡಿಸಲಿಲ್ಲ ಎಂದರೆ ಅದು ದೋಷವಲ್ಲ. ಆಗ ಬದಲಾಯಿಸಿ ಕೊಡುವುದು ಅಂಗಡಿಯವರ ಸೌಜನ್ಯ, ಇಲ್ಲವೇ ಅವರೇ ಬರೆದುಕೊಂಡ ನಿಯಮ. ‘7 ದಿನದೊಳಗೆ, ಟ್ಯಾಗ್ ಕೀಳದೆ, ಬಿಲ್ ಸಮೇತ ತಂದರೆ ಬದಲಾವಣೆ’ ಎಂದು ಗೋಡೆಗೆ ಬರೆದು ಹಾಗೇ ನಡೆದುಕೊಳ್ಳುವ ಅಂಗಡಿಗೆ ಒಂದು ಅಂಕ ಹೆಚ್ಚು ಕೊಡಬಹುದು. ಮದುವೆಗೆ ಒಂದು ದಿನ ಉಟ್ಟು, ಸೆಂಟಿನ ವಾಸನೆ ಹೊತ್ತ ಸೀರೆಯನ್ನು ಮಡಿಸಿ ತಂದು ‘ಉಟ್ಟೇ ಇಲ್ಲ ಅಣ್ಣ’ ಎನ್ನುವವರಿಗೆ ಈ ಲೆಕ್ಕದಲ್ಲಿ ಸೊನ್ನೆ.

ಇನ್ನು ಬಿಲ್. ಪೇಟೆಯಲ್ಲಿ ಮೂರು ಬಗೆಯ ಕಾಗದ ಸಿಗುತ್ತವೆ. ಜಿಎಸ್‌ಟಿ ಬಿಲ್ಲಿನಲ್ಲಿ 15 ಅಕ್ಷರ ಮತ್ತು ಅಂಕಿಗಳ ಸಂಖ್ಯೆ ಇರುತ್ತದೆ. ಕರ್ನಾಟಕದ ಅಂಗಡಿಯಾದರೆ ಅದು 29ರಿಂದ ಶುರು, ಮಾಕುಟ್ಟ ದಾಟಿ ಕಣ್ಣೂರು ಕಡೆ ಕೊಂಡರೆ 32ರಿಂದ. ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಅಂಗಡಿಯ ನೋಂದಾಯಿತ ಹೆಸರು ಕಾಣುತ್ತದೆ. ಎರಡನೆಯದು ಕಾಂಪೊಸಿಷನ್ ಯೋಜನೆಯಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆಯನ್ನು ತಾವೇ ಕಟ್ಟುವ, ಸಣ್ಣ ಅಂಗಡಿಯ ‘ಬಿಲ್ ಆಫ್ ಸಪ್ಲೈ’. ಇವರು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ, ಹಾಗೆಂದು ಬಿಲ್ಲಿನ ಮೇಲೆಯೇ ಬರೆದಿರಬೇಕು. ಬರೆದೂ ಕೆಳಗೆ ತೆರಿಗೆ ಕೂಡಿಸಿದ್ದರೆ ಕೇಳಿ. ಮೂರನೆಯದು ಬಿಳಿ ಚೀಟಿ, ಮೇಲೆ ‘ಎಸ್ಟಿಮೇಟ್’. ಅಂಗಡಿಯ ಹೆಸರಿಲ್ಲ, ಸಂಖ್ಯೆ ಇಲ್ಲ, ಎಷ್ಟೋ ಸಲ ತಾರೀಖೂ ಇಲ್ಲ. ‘ಬಿಲ್ ಬೇಕೆಂದರೆ ತೆರಿಗೆ ಸೇರುತ್ತದೆ ಅಕ್ಕ, ಸುಮ್ಮನೆ ಯಾಕೆ’ ಎಂಬ ಮಾತಿನ ಜೊತೆಗೇ ಇದು ಕೈಗೆ ಬರುತ್ತದೆ. ಆ ಮಾತಿಗೆ ತಲೆಯಾಡಿಸಿ ಬಂದರೆ ಮುಂದೆ ವಾದಿಸಲು ಕಾಲೂರುವ ನೆಲವಿರುವುದಿಲ್ಲ. ಎಸ್ಟಿಮೇಟ್ ಮಾತ್ರ ಕೊಡುವ ಅಂಗಡಿ ಎಷ್ಟೇ ದೊಡ್ಡದಿರಲಿ, ಐದಕ್ಕೆ ಒಂದರ ಮೇಲೆ ಹೋಗಬಾರದು.

ಬಿಲ್ ಇದ್ದರೂ ‘ಸ್ಯಾರಿ 1, 8,500’ ಎಂದಷ್ಟೇ ಇದ್ದರೆ ಅರ್ಧ ಕೆಲಸ. ಬಾಯಲ್ಲಿ ಹೇಳಿದ್ದು ಕಾಗದಕ್ಕೆ ಇಳಿಯಬೇಕು: ಶುದ್ಧ ರೇಷ್ಮೆ, ಇಂಥ ಜರಿ, ಇಷ್ಟು ಮೀಟರ್, ರವಿಕೆ ತುಂಡು ಸೇರಿ. ಬರೆಯಲು ಹಿಂದೇಟು ಹಾಕಿದರೆ ಅದೇ ಉತ್ತರ.

ತೆರಿಗೆಯ ಲೆಕ್ಕ 2025ರ ಸೆಪ್ಟೆಂಬರ್ 22ರಿಂದ ಬದಲಾಗಿದೆ. ಸಿದ್ಧ ಉಡುಪಿಗೆ ಒಂದರ ಮಾರಾಟ ಬೆಲೆ 2,500 ರೂಪಾಯಿವರೆಗೆ ಶೇ. 5, ಅದಕ್ಕೆ ಮೇಲ್ಪಟ್ಟರೆ ಶೇ. 18. ನೇಯ್ದ ಸೀರೆ ಹೊಲಿದ ಉಡುಪಲ್ಲ, ಬೆಲೆ ಎಷ್ಟಿದ್ದರೂ ಶೇ. 5. ಗರಿಷ್ಠ ಮಾರಾಟ ಬೆಲೆಯೊಳಗೆ ಎಲ್ಲ ತೆರಿಗೆಯೂ ಸೇರಿರುತ್ತದೆ. ರಿಯಾಯಿತಿಯ ಮಾಲಿನ ಮೇಲೆ ಮತ್ತೆ ತೆರಿಗೆ ಹಾಕುವುದು ತಪ್ಪೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ ಹೇಳಿದೆ. ಆಗ ವ್ಯಾಟ್ ಇತ್ತು, ತರ್ಕ ಈಗಲೂ ಅದೇ. 2,999 ರೂಪಾಯಿಯ ಜಾಕೆಟ್‌ಗೆ ಶೇ. 20 ಕಡಿತ ಎಂದರೆ 2,399 ರೂಪಾಯಿ 20 ಪೈಸೆ. ಗಲ್ಲಾದಲ್ಲಿ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಅದರೊಳಗೇ ಸುಮಾರು 114 ರೂಪಾಯಿ ತೆರಿಗೆ ಇದೆ.

ಈಗ ಕೊಡಗಿನದ್ದೇ ಆದ ಖರೀದಿ: ಕುಪ್ಯ (ಕೊಡವ ಗಂಡಸರ ಉದ್ದ ಮೇಲುಡುಪು), ಚೇಲೆ (ಅದರ ಸೊಂಟಕ್ಕೆ ಸುತ್ತುವ ಬಟ್ಟೆ), ಮದುವೆ ಸೀರೆ. ಇದಕ್ಕೆ ಅಂಗಡಿ ಆರಿಸುವಾಗ ಪರೀಕ್ಷೆ ಕಠಿಣವಾಗಿರಲಿ, ಯಾಕೆಂದರೆ ಇಲ್ಲಿ ಒಂದರ ದೋಷ ಇನ್ನೊಂದನ್ನು ಕೆಡಿಸುತ್ತದೆ. ಕಪ್ಪು ಕುಪ್ಯದ ಒಳಗೆ ತುಂಬು ತೋಳಿನ ಬಿಳಿ ಅಂಗಿ. ಮದುಮಗನಿಗಾದರೆ ಬಿಳಿ ಕುಪ್ಯ, ಅದರ ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ. ಬೆವರೋ ಮಳೆಯ ಹನಿಯೋ ಬಿದ್ದು ಚೇಲೆ ಬಣ್ಣ ಬಿಟ್ಟರೆ ಬಿಳಿ ಕುಪ್ಯದ ಸೊಂಟದ ಸುತ್ತ ಗುಲಾಬಿ ಪಟ್ಟಿ. ಅದು ಹೋಗುವುದಿಲ್ಲ. ಗಾಢ ಕೆಂಪು ಬಣ್ಣವನ್ನು ಹಾಕಿದ ಮೇಲೆ ಎಳೆಗೆ ಅಂಟದೆ ಉಳಿದ ಬಣ್ಣವನ್ನು ಸರಿಯಾಗಿ ತೊಳೆದು ತೆಗೆಯದಿದ್ದರೆ ಹೀಗಾಗುತ್ತದೆ. ಪರೀಕ್ಷೆ ಸುಲಭ: ಬಿಳಿ ಹತ್ತಿಯ ಕರವಸ್ತ್ರವನ್ನು ಒದ್ದೆ ಮಾಡಿ ಹಿಂಡಿ, ಚೇಲೆಯ ಒಳಮಡಿಕೆಯ ಮೂಲೆಯಲ್ಲಿ ಹತ್ತು ಸಲ ಒತ್ತಿ ಉಜ್ಜಿ. ಕರವಸ್ತ್ರಕ್ಕೆ ಬಣ್ಣ ತಾಗಿದರೆ ಅದೇ ಬಣ್ಣ ಕುಪ್ಯಕ್ಕೂ ತಾಗುತ್ತದೆ. ಕೇಳಿಯೇ ಮಾಡಿ. ಅಂಗಡಿಯವರು ಬೇಡವೆಂದರೆ ‘ಬಣ್ಣ ಬಿಡುವುದಿಲ್ಲ’ ಎಂದು ಬಿಲ್ಲಿನಲ್ಲಿ ಬರೆಯಲು ಹೇಳಿ. ಪ್ರಯೋಗಾಲಯಗಳು ಬಣ್ಣದ ಗಟ್ಟಿತನಕ್ಕೆ ತೊಳೆತ ಮತ್ತು ಉಜ್ಜುವಿಕೆಯಲ್ಲಿ 1ರಿಂದ 5ರವರೆಗೆ ದರ್ಜೆ ಕೊಡುತ್ತವೆ, 5 ಎಂದರೆ ಬಣ್ಣ ಅಲ್ಲಾಡದು. ಮುಂದೆ ವಾದ ಎದ್ದರೆ ನೋಡುವುದು ಆ ದರ್ಜೆಯನ್ನೇ.

ಚೇಲೆಗೆ ಇನ್ನೊಂದು ಹೊರೆಯಿದೆ. ಪೀಚೆಕತ್ತಿಯನ್ನು, ಅಂದರೆ ಕೊಡವರ ಸಣ್ಣ ಕತ್ತಿಯನ್ನು, ಸಿಕ್ಕಿಸುವುದು ಅದಕ್ಕೇ. ಕತ್ತಿಯ ಭಾರ ಒಂದೇ ಕಡೆ ಜಗ್ಗುವುದರಿಂದ ಸಡಿಲ ನೇಯ್ಗೆಯ ಚೇಲೆ ಅಲ್ಲಿ ಎಳೆ ಸರಿದು ಬಾಯಿ ಬಿಡುತ್ತದೆ. ಎರಡು ಹೆಬ್ಬೆರಳಿನಿಂದ ಬಟ್ಟೆಯನ್ನು ಅಕ್ಕಪಕ್ಕಕ್ಕೆ ಮೆಲ್ಲಗೆ ಎಳೆದು ಬೆಳಕಿಗೆ ಹಿಡಿಯಿರಿ. ಎಳೆಗಳ ನಡುವೆ ಕಿಂಡಿ ಕಂಡು, ಕೈ ಬಿಟ್ಟ ಮೇಲೂ ಮುಚ್ಚದಿದ್ದರೆ ಅದು ಫೋಟೋಗಷ್ಟೇ ಲಾಯಕ್ಕು.

ರೇಷ್ಮೆ ಹೌದೋ ಅಲ್ಲವೋ? ಅಂಚಿನ ಕುಚ್ಚಿನಿಂದ ಒಂದೆರಡು ಎಳೆ ತೆಗೆದು ಸುಟ್ಟರೆ ತಿಳಿಯುತ್ತದೆ. ರೇಷ್ಮೆ ನಿಧಾನ ಉರಿದು ತಾನೇ ಆರುತ್ತದೆ, ಸುಟ್ಟ ಕೂದಲಿನ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಹುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಕ್ಕು ಮತ್ತು ಹಾಸು ಎರಡೂ ದಿಕ್ಕಿನ ಎಳೆ ಸುಡಬೇಕು, ಒಂದು ದಿಕ್ಕಿಗೆ ಮಾತ್ರ ರೇಷ್ಮೆ ಹಾಕಿ ನೇಯ್ದ ಬಟ್ಟೆಗಳಿವೆ. ಸುಡುವ ತಾಪತ್ರಯ ಬೇಡವೆಂದರೆ ಸಿಲ್ಕ್ ಮಾರ್ಕ್ ಪಟ್ಟಿ (ಲೇಬಲ್) ಕೇಳಿ. ಕೇಂದ್ರ ರೇಷ್ಮೆ ಮಂಡಳಿಯ ಆಸರೆಯಲ್ಲಿ 2004ರಲ್ಲಿ ಬಂದ ಗುರುತು ಅದು, ಪ್ರತಿ ಪಟ್ಟಿಗೂ ಬೇರೆ ಸಂಖ್ಯೆ ಮತ್ತು ಹಾಲೊಗ್ರಾಂ ಇರುತ್ತದೆ. ಬಾಗಿಲಲ್ಲಿ ಬೋರ್ಡ್ ಇದ್ದರೆ ಸಾಲದು, ಕೊಳ್ಳುವ ಸೀರೆಗೇ ಪಟ್ಟಿ ಇರಬೇಕು. ಇಷ್ಟಾದರೂ ಅದು ಹೇಳುವುದು ರೇಷ್ಮೆಯ ಬಗ್ಗೆ, ಜರಿಯ ಬಗ್ಗೆ ಅಲ್ಲ.

ಜರಿಯ ವಿಷಯದಲ್ಲಿ ಪೇಟೆಯ ಒಂದು ಪದ ಬಹಳ ಜನರನ್ನು ದಾರಿ ತಪ್ಪಿಸುತ್ತದೆ: ‘ಟೆಸ್ಟೆಡ್ ಜರಿ’. ಪರೀಕ್ಷೆ ಪಾಸಾದ ಜರಿ ಎಂದು ಕೇಳಿಸುತ್ತದೆ. ವ್ಯಾಪಾರದ ಮಾತಿನಲ್ಲಿ ಅದು ತಾಮ್ರದ ಎಳೆಯ ಮೇಲೆ ಲೇಪ ಹಾಕಿದ ಜರಿ. ಅಸಲಿ ಜರಿಯಲ್ಲಿ ರೇಷ್ಮೆ ದಾರದ ಸುತ್ತ ಬೆಳ್ಳಿ, ಅದರ ಮೇಲೆ ಚಿನ್ನದ ಲೇಪ. ಉಗುರಿನಿಂದ ಒಂದು ಎಳೆ ಕೆರೆದಾಗ ಒಳಗೆ ಕೆಂಪು ರೇಷ್ಮೆ ಕಂಡರೆ ಸಾಮಾನ್ಯವಾಗಿ ಅಸಲಿ. ಪ್ಲಾಸ್ಟಿಕ್ ಜರಿ ಎಳೆದರೆ ಪಟ್ಟಿಯಂತೆ ಹಿಗ್ಗುತ್ತದೆ. ತಾಮ್ರದ್ದು ಕೊಡಗಿನ ತೇವಕ್ಕೆ ಬೇಗ ಕಪ್ಪಾಗುತ್ತದೆ. ಟೆಸ್ಟೆಡ್ ಜರಿಯನ್ನು ಟೆಸ್ಟೆಡ್ ಎಂದೇ ಹೇಳಿ ಮಾರಿದ್ದರೆ ಮೋಸವಲ್ಲ, ಅಸಲಿಯ ಬೆಲೆ ತೆಗೆದುಕೊಂಡಿದ್ದರೆ ಮೋಸ. ನುಸಿಗುಳಿಗೆಯನ್ನು ಜರಿಗೆ ತಾಗುವಂತೆ ಇಟ್ಟು, ಮೇಲೆ ಸೆಂಟು ಹೊಡೆದು ಕಪ್ಪಾಗಿಸಿಕೊಂಡರೆ ಅದರ ಹೊಣೆಯನ್ನು ಅಂಗಡಿಯ ತಲೆಗೆ ಕಟ್ಟುವಂತಿಲ್ಲ. ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು, ಮಳೆ ಮುಗಿದ ಮೇಲೆ ಹೊರತೆಗೆದು ಮಡಿಕೆ ಬದಲಿಸುವುದು ಕೊಂಡವರ ಪಾಲಿನ ಕೆಲಸ.

ಕುಪ್ಯ ಹೊಲಿಸುವುದು ಸೇವೆ. ಬಟ್ಟೆಗೊಂದು ಬಿಲ್ ಇದ್ದಂತೆ ಹೊಲಿಗೆಗೂ ಒಂದು ಚೀಟಿ ಬೇಕು. ಅದರಲ್ಲಿ ಅಳತೆ, ಕೊಟ್ಟ ಬಟ್ಟೆಯ ಮೀಟರ್, ಮುಂಗಡ, ಟ್ರಯಲ್ ದಿನ, ಕೊಡುವ ದಿನ ಇರಬೇಕು. ಅಳತೆ ಕೊಡುವಾಗ ಒಳಗೆ ತೊಡುವ ತುಂಬು ತೋಳಿನ ಅಂಗಿ ತೊಟ್ಟೇ ಹೋಗಬೇಕು, ಟೀ ಶರ್ಟಿನಲ್ಲಿ ಅಳೆಸಿದ ಕುಪ್ಯ ಕಂಕುಳಲ್ಲಿ ಹಿಡಿಯುತ್ತದೆ. ಮೇಲ್ಬಟ್ಟೆ, ಲೈನಿಂಗ್, ಅಂಟಿಸುವ ಕ್ಯಾನ್ವಾಸ್ ಮೂರೂ ನೀರಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಕುಗ್ಗಿಸದೆ ಹೊಲಿದರೆ ಮೊದಲ ತೊಳೆತಕ್ಕೇ ಎದೆಯ ಮೇಲೆ ಗುಳ್ಳೆ, ಅಂಚಿನಲ್ಲಿ ಸುಕ್ಕು. ಒಂದು ಮೀಟರ್ ಉದ್ದದ ಬಟ್ಟೆ ಶೇ. 3 ಕುಗ್ಗಿದರೂ 3 ಸೆಂಟಿಮೀಟರ್ ಹೋಯಿತು, ಮೊಣಕಾಲು ಮುಚ್ಚಬೇಕಾದ ಉಡುಪಿನಲ್ಲಿ ಅದು ಎದ್ದು ಕಾಣುತ್ತದೆ. ಪಕ್ಕದ ಹೊಲಿಗೆಯೊಳಗೆ ಒಂದು ಇಂಚು ಬಿಡಲು ಹೇಳಿ, ಮುಂದಿನ ಮದುವೆಗೂ ಆಗಬೇಕಲ್ಲ. ಸೀರೆಗೆ ಫಾಲ್ ಹಾಕಿಸುವಾಗ ಕೊಡವ ರೀತಿಯಲ್ಲಿ ಉಡುವುದೆಂದು ಮೊದಲೇ ತಿಳಿಸಿ, ನೆರಿಗೆ ಬೆನ್ನ ಕಡೆ ಬರುವುದರಿಂದ ನೆಲಕ್ಕೆ ಉಜ್ಜುವ ಭಾಗವೇ ಬೇರೆ. ಟ್ರಯಲ್ ಕೊಡುವ, ತಪ್ಪಿದ ಅಳತೆಯನ್ನು ಕೂಲಿ ಕೇಳದೆ ಸರಿಪಡಿಸುವ ಟೈಲರ್‌ಗಳಿಗೆ ನಾಲ್ಕೂವರೆ. ಉಳಿದ ಅರ್ಧ ಅಂಕ ಚೀಟಿಯ ಬಾಬ್ತು.

ಈ ಉಡುಪುಗಳನ್ನು ಬಾಡಿಗೆಗೆ ತರುವವರು ಡೆಪಾಸಿಟ್‌ಗೆ ರಸೀದಿ ತೆಗೆದುಕೊಂಡು, ಇರುವ ಕಲೆ ಹರುಕುಗಳ ಫೋಟೋವನ್ನು ಅಂಗಡಿಯಲ್ಲೇ ತೆಗೆದಿಟ್ಟುಕೊಂಡರೆ ಸಾಕು.

ಮಳೆ ಜಾಕೆಟ್‌ನಲ್ಲಿ ಪೇಟೆಗೆ ಪೇಟೆಯೇ ಫೇಲ್ ಎನ್ನಬೇಕಾಗುತ್ತದೆ. ‘ವಾಟರ್ ಪ್ರೂಫ್’ ಎಂದು ಬಾಯಲ್ಲಿ ಹೇಳಿದ್ದಕ್ಕೂ ಪಟ್ಟಿಯಲ್ಲಿ ಬರೆದಿದ್ದಕ್ಕೂ ಸಂಬಂಧವಿರುವುದಿಲ್ಲ. ಪಟ್ಟಿಯಲ್ಲಿ ‘ವಾಟರ್ ರೆಸಿಸ್ಟೆಂಟ್’ ಎಂದಿದ್ದರೆ ತುಂತುರು ತಡೆಯುತ್ತದೆ ಎಂದಷ್ಟೇ ಅರ್ಥ, ಭಾಗಮಂಡಲದ ಜುಲೈ ಮಳೆಯನ್ನಲ್ಲ. ನಿಜವಾದ ಜಲನಿರೋಧಕ ಬಟ್ಟೆಗೆ ಮಿಲಿಮೀಟರ್ ಲೆಕ್ಕದ ಒಂದು ಅಂಕಿ ಇರುತ್ತದೆ: 5,000, 10,000 ಹೀಗೆ. ಅಷ್ಟು ಎತ್ತರದ ನೀರಿನ ಕಂಬದ ಒತ್ತಡವನ್ನು ಬಟ್ಟೆ ತಡೆಯಿತು ಎಂಬುದು ಅದರ ಅರ್ಥ. ಅಂಕಿ ಇದ್ದೂ ಸೋರುವ ಜಾಕೆಟ್‌ಗಳು ಸೋರುವುದು ಹೊಲಿಗೆಯಲ್ಲಿ, ಸೂಜಿ ಚುಚ್ಚಿದ ತೂತುಗಳಲ್ಲಿ. ಒಳಗೆ ತಿರುಗಿಸಿ ನೋಡಿದಾಗ ಹೆಗಲು, ತೋಳು, ಟೋಪಿಯ ಹೊಲಿಗೆಗಳ ಮೇಲೆಲ್ಲ ಟೇಪ್ ಅಂಟಿಸಿರಬೇಕು. ಜಿಪ್‌ನ ಮೇಲೆ ಮುಚ್ಚುವ ಪಟ್ಟಿ ಇರಬೇಕು. ಹೆಗಲ ಹೊಲಿಗೆಯನ್ನು ಬಟ್ಟಲಿನಂತೆ ಹಿಡಿದು ಅರ್ಧ ಲೋಟ ನೀರು ಹಾಕಿ ಐದು ನಿಮಿಷ ನಿಲ್ಲಿಸಲು ಬಿಡುವ ಅಂಗಡಿಯೇ ಒಳ್ಳೆಯ ಅಂಗಡಿ.

ಇನ್ನೊಂದು ಕಾಣದ ದೋಷ: ಒಳಗಿನ ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್) ಲೇಪ ತೇವದಲ್ಲಿ ವರ್ಷಗಟ್ಟಲೆ ಇದ್ದರೆ ತಾನಾಗಿಯೇ ಅಂಟಂಟಾಗಿ ಸಿಪ್ಪೆ ಸುಲಿಯುತ್ತದೆ. ಹಿಂದಿನ ಮಳೆಗಾಲದ ಉಳಿಕೆ ಮಾಲನ್ನು ಮೇ ತಿಂಗಳಲ್ಲಿ ‘ಆಫರ್’ ಹಾಕಿ ಮಾರುವಾಗ ಇದನ್ನೇ ನೋಡಬೇಕು. ಒಳಬದಿಯನ್ನು ಮಡಿಸಿ ಒತ್ತಿ ಬಿಡಿಸಿದಾಗ ಚರಚರ ಅಂಟಿ ಬಿಟ್ಟರೆ ಬೇಡ. ಮನೆಯಲ್ಲೂ ಒದ್ದೆ ಜಾಕೆಟ್ ಮಡಿಸಿಟ್ಟರೆ, ಒಲೆಯ ಮೇಲಿನ ಹಗ್ಗಕ್ಕೆ ನೇತು ಹಾಕಿದರೆ ಲೇಪ ಹೋಗುತ್ತದೆ, ಆಮೇಲೆ ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ತೋಟದ ಕೆಲಸಕ್ಕಾದರೆ ದಪ್ಪ ಪಿವಿಸಿ ಕೋಟೇ ವಾಸಿ, ಒಳಗೆ ಬೆವರುತ್ತದೆ ನಿಜ, ಮುಳ್ಳಿಗೆ ಹರಿದರೆ ತೇಪೆ ಹಾಕಬಹುದು. ಕಂಬಳಿ ಕೊಪ್ಪೆಯ ಕಾಲದಲ್ಲಿ ಈ ಮಿಲಿಮೀಟರ್ ಲೆಕ್ಕವೇ ಇರಲಿಲ್ಲ ಎನ್ನುವ ಹಿರಿಯರ ಮಾತು ಸುಳ್ಳಲ್ಲ.

ಉಣ್ಣೆ ಬಟ್ಟೆಗೆ ಚಳಿಗಾಲದಲ್ಲಿ ಕುಶಾಲನಗರ ದಾಟಿ ಬೈಲುಕುಪ್ಪೆವರೆಗೂ ಹೋಗುವವರಿದ್ದಾರೆ. ಮುನ್ನೂರು ನಾನೂರಕ್ಕೆ ಸಿಗುವ ಸ್ವೆಟರ್ ಉಣ್ಣೆಯದಲ್ಲ, ಅಕ್ರಿಲಿಕ್ ಎಂಬ ಕೃತಕ ನೂಲಿನದು. ಬೆಚ್ಚಗಿರುತ್ತದೆ, ಒಗೆಯಲು ಸುಲಭ, ಆ ಬೆಲೆಗೆ ಮೋಸವೇನಿಲ್ಲ. ಅದನ್ನೇ ‘ಪ್ಯೂರ್ ವುಲ್’, ‘ಪಶ್ಮಿನಾ’ ಎಂದು ಪ್ರವಾಸಿಗರಿಗೆ ಮಾರುವುದು ಮೋಸ. ಒಂದು ಎಳೆ ಸುಟ್ಟರೆ ಉಣ್ಣೆ ಕೂದಲಿನಂತೆ ನಾರುತ್ತದೆ, ಅಕ್ರಿಲಿಕ್ ಕರಗಿ ಕಪ್ಪು ಗಟ್ಟಿ ಉಂಡೆಯಾಗುತ್ತದೆ. ಅಸಲಿ ಉಣ್ಣೆಯನ್ನು ಬಿಸಿನೀರಲ್ಲಿ ತಿಕ್ಕಿ ಒಗೆದು ಮಗುವಿನ ಅಳತೆಗೆ ಇಳಿಸಿದರೆ ಅದು ದೋಷವಲ್ಲ, ಪಟ್ಟಿಯ ಗುರುತು ಓದದ ತಪ್ಪು. ನೀರಿನ ತೊಟ್ಟಿಯ ಚಿತ್ರದೊಳಗೆ ಕೈ ಇದ್ದರೆ ಕೈಯಲ್ಲೇ ಒಗೆಯಬೇಕು, ತೊಟ್ಟಿಗೆ ಅಡ್ಡಗೀಟಿದ್ದರೆ ನೀರೇ ತಾಗಿಸಬಾರದು. ಬರೀ ತ್ರಿಕೋನಕ್ಕೆ ಅಡ್ಡಗೀಟಿದ್ದರೆ ಬ್ಲೀಚ್ ಬೇಡ. ಇಸ್ತ್ರಿಯ ಚಿತ್ರದೊಳಗೆ ಒಂದು ಚುಕ್ಕಿ ಎಂದರೆ ಗರಿಷ್ಠ 110 ಡಿಗ್ರಿ, ಎರಡಕ್ಕೆ 150, ಮೂರಕ್ಕೆ 200. ವಿವಾದದಲ್ಲಿ ಅಂಗಡಿಯವರ ಮೊದಲ ಪ್ರಶ್ನೆಯೇ ‘ಹೇಗೆ ಒಗೆದಿರಿ’ ಎಂಬುದು, ಅದು ನ್ಯಾಯವಾದ ಪ್ರಶ್ನೆ.

ಮಡಿಕೇರಿಯ ಶುಕ್ರವಾರದ ಸಂತೆಯಂಥ ಕಡೆ ನೆಲದ ಮೇಲೆ ಹರಡಿದ ಬಟ್ಟೆಗೆ ಬಿಲ್ ನಿರೀಕ್ಷಿಸಬೇಡಿ. ಜಿಎಸ್‌ಟಿಯಲ್ಲೂ 200 ರೂಪಾಯಿಗಿಂತ ಕಡಿಮೆ ಮಾರಾಟಕ್ಕೆ ಗಿರಾಕಿ ಕೇಳದಿದ್ದರೆ ಬಿಲ್ ಹಾಕಲೇಬೇಕೆಂದಿಲ್ಲ. ಅಲ್ಲಿ ಕಣ್ಣೇ ಬಿಲ್ಲು. ಹಗಲಲ್ಲಿ ಬಿಚ್ಚಿ ನೋಡಿ, ಜಿಪ್ ಎಳೆದು ನೋಡಿ, ಹಾಳಾದರೂ ನಷ್ಟವೆನಿಸದಷ್ಟಕ್ಕೆ ಕೊಳ್ಳಿ.

ತೂಗು ಹಾಕಿ ಬಿಡಿಯಾಗಿ ಮಾರುವ ಸಿದ್ಧ ಉಡುಪಿಗೆ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ 2022ರ ತಿದ್ದುಪಡಿಯ ನಂತರ ಪಟ್ಟಿಯ ವಿವರಗಳು ಕಡಿಮೆಯಾಗಿವೆ. ಆದರೂ ತಯಾರಕರ ಅಥವಾ ಮಾರಾಟಗಾರ ಕಂಪನಿಯ ಹೆಸರು ವಿಳಾಸ, ಗರಿಷ್ಠ ಬೆಲೆ, ಸೆಂಟಿಮೀಟರ್ ಲೆಕ್ಕವೂ ಸೇರಿದ ಅಳತೆ, ದೂರಿಗೆ ಫೋನ್ ಮತ್ತು ಇಮೇಲ್ ಇರಲೇಬೇಕು. ಹೊರದೇಶದ್ದಾದರೆ ಯಾವ ದೇಶ ಎಂಬುದೂ. ಬೆಲೆಯ ಮೇಲೆ ಇನ್ನೊಂದು ಬೆಲೆ ಚೀಟಿ ಅಂಟಿಸಿದ್ದರೆ ಕೆಳಗಿನ ಬೆಲೆ ಎಷ್ಟೆಂದು ಕೇಳಿ.

ಗಲ್ಲಾದಲ್ಲಿ ಮೊಬೈಲ್ ನಂಬರ್ ಕೊಡದೆ ಬಿಲ್ಲೇ ಬರುವುದಿಲ್ಲ ಎಂದರೆ ನಂಬಬೇಡಿ. ನಂಬರಿಗೆ ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಅಂಗಡಿಗಳಿಗೆ ತಿಳಿಸಿದೆ. ಚೀಲದ ಹಣದ ಬಗ್ಗೆ 2020ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಆಯೋಗದ ಆದೇಶವಿದೆ: ಮೊದಲೇ ತಿಳಿಸದೆ ಗಲ್ಲಾದಲ್ಲಿ ಚೀಲಕ್ಕೆ ಹಣ ಸೇರಿಸುವುದು ಅನುಚಿತ ವ್ಯಾಪಾರ.

ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ತೋಟದ ಮನೆಗಳ ಮುಖ್ಯ ತೊಡಕು ಒಂದೇ. ಬಟ್ಟೆ ಬಂದು ತಲುಪುತ್ತದೆ, ವಾಪಸ್ ಒಯ್ಯಲು ಯಾರೂ ಬರುವುದಿಲ್ಲ. ಹಣ ಕಟ್ಟುವ ಮುನ್ನ ಪಿನ್‌ಕೋಡ್ ಹಾಕಿ ‘ರಿಟರ್ನ್ ಪಿಕಪ್’ ಇದೆಯೇ ನೋಡಿ, ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಪೊಟ್ಟಣ ಬಿಚ್ಚುವಾಗ ವಿಳಾಸದ ಚೀಟಿ ಕಾಣುವಂತೆ ಒಂದೇ ಓಟದ ವಿಡಿಯೋ ಮಾಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ದೋಷ ಕಂಡ ದಿನ ಮೊದಲು ಮಾಡಬೇಕಾದ್ದು ಮತ್ತೊಮ್ಮೆ ಒಗೆಯದಿರುವುದು. ಹಾಗೇ ಒಣಗಿಸಿ, ಫೋಟೋ ತೆಗೆದು, ಟ್ಯಾಗ್ ಮತ್ತು ಬಿಲ್ ಜೊತೆ ಎತ್ತಿಡಿ. ಉಷ್ಣಮುದ್ರಣದ (ಥರ್ಮಲ್ ಕಾಗದದ) ಬಿಲ್ ಈ ತೇವದಲ್ಲಿ ಬೇಗ ಅಳಿಸುತ್ತದೆ, ಕೊಂಡ ದಿನವೇ ನಕಲು ಮಾಡಿಸಿರಬೇಕು. ಅಂಗಡಿಗೆ ಹೋಗಿ ಹೇಳಿ, ಕೇಳದಿದ್ದರೆ ಬರಹದಲ್ಲಿ ಕೊಡಿ: ಕೊಂಡ ದಿನ, ಬಿಲ್ ಸಂಖ್ಯೆ, ದೋಷ, ಏನು ಬೇಕು, ಎಷ್ಟು ದಿನದೊಳಗೆ. ವಾಟ್ಸ್‌ಆ್ಯಪ್ ಸಂದೇಶವನ್ನೂ ಸಾಕ್ಷಿಯಾಗಿ ಇಟ್ಟುಕೊಳ್ಳಬಹುದು, ಸ್ಪೀಡ್ ಪೋಸ್ಟ್ ಇನ್ನೂ ವಾಸಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ, ಅದರಲ್ಲೂ ಎದುರಿಗಿರುವುದು ದೊಡ್ಡ ಕಂಪನಿಯಾದರೆ.

ಮುಗಿಯದಿದ್ದರೆ ಮಡಿಕೇರಿಯಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಬಟ್ಟೆ ಕೊಂಡದ್ದು ಮೈಸೂರಿನಲ್ಲೋ ಕಣ್ಣೂರಿನಲ್ಲೋ ಆಗಿದ್ದರೂ ವಾಸ ಕೊಡಗಿನಲ್ಲಿದ್ದರೆ ದೂರನ್ನು ಇಲ್ಲೇ ಹಾಕಬಹುದು. ಹೊಸ ಕಾಯ್ದೆಯ ದೊಡ್ಡ ಅನುಕೂಲ ಇದು, ಬಹಳ ಜನರಿಗೆ ಇನ್ನೂ ಗೊತ್ತಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಗಡುವು ಎರಡು ವರ್ಷ. ನೋಟಿಸ್ ಹೋದ ಮೇಲೆ ಅಂಗಡಿಯವರಿಗೆ ಉತ್ತರಿಸಲು 30 ದಿನ, ಕೇಳಿದರೆ ಇನ್ನು 15 ದಿನ, ಅದಕ್ಕಿಂತ ಹೆಚ್ಚಿಲ್ಲ. ಪ್ರಯೋಗಾಲಯದ ಪರೀಕ್ಷೆ ಬೇಡವಾದರೆ 3 ತಿಂಗಳು, ಬೇಕಾದರೆ 5 ತಿಂಗಳಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಹೇಳುತ್ತದೆ, ನಡೆಯುವಾಗ ಹೆಚ್ಚೂ ಆಗಬಹುದು. ರೇಷ್ಮೆಯೋ ಅಲ್ಲವೋ, ಬಣ್ಣ ಗಟ್ಟಿಯೋ ಅಲ್ಲವೋ ಎಂಬ ವಾದಕ್ಕೆ ಆಯೋಗ ಬಟ್ಟೆಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು, ಅದರ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕು. 900 ರೂಪಾಯಿಯ ಅಂಗಿಗೆ ಆ ಖರ್ಚು ಹೊರುವ ಮೊದಲು ಅಂಗಡಿಯವರು ಕೊಡಲೊಪ್ಪಿದ ಬದಲಿ ಅಂಗಿಯನ್ನು ಇನ್ನೊಮ್ಮೆ ನೋಡಿ. 30,000 ರೂಪಾಯಿಯ ಮದುವೆ ಸೀರೆಯಾದರೆ ಕಟ್ಟಿ.